ಒಳ್ಳೆಯ ರಾಗಗಳೆಲ್ಲ ಯಾರ ಪಾಲು?

1966ರ ಬೇಸಿಗೆಯಲ್ಲಿ ಅಮೆರಿಕದ ದಕ್ಷಿಣದ ಊರುಗಳಲ್ಲಿ ಬೀಟಲ್ಸ್ ತಂಡದ ರೆಕಾರ್ಡುಗಳನ್ನು ರಾಶಿ ಹಾಕಿ ಸುಟ್ಟರು. ತಾವೀಗ ಯೇಸುವಿಗಿಂತ ಜನಪ್ರಿಯರು ಎಂಬರ್ಥದ ಜಾನ್ ಲೆನನ್‌ನ ಮಾತು ಅದಕ್ಕೆ ನೆಪ. ಆದರೆ ಸಿಟ್ಟು ಅದಕ್ಕಿಂತ ಹಳೆಯದು. ರಾಕ್ ಸಂಗೀತದ ತಾಳದಲ್ಲೇ ಕೇಡಿದೆ ಎಂದು ನಂಬಿದ್ದ ಬೋಧಕರು ಬಹಳ ಮಂದಿ ಇದ್ದರು. ಬೀಟಲ್ಸ್ ಹಾಡುಗಳ ಹಿಂದೆ ಕಮ್ಯುನಿಸ್ಟರ ಸಂಚಿದೆಯೆಂದು ವಾದಿಸುವ ಕಿರುಹೊತ್ತಗೆಯೊಂದನ್ನು ಡೇವಿಡ್ ನೋಬೆಲ್ ಎಂಬ ಬೋಧಕ 1965ರಲ್ಲೇ ಹೊರತಂದಿದ್ದ.

ಇದಾಗಿ ಆರೇ ವರ್ಷಕ್ಕೆ, ಅದೇ ಬೀಟಲ್ಸ್‌ನ ನಿರ್ಮಾಪಕ ಜಾರ್ಜ್ ಮಾರ್ಟಿನ್ ಲಂಡನ್ನಿನಲ್ಲಿ ಕಟ್ಟಿದ್ದ ಏರ್ ಸ್ಟುಡಿಯೋದಲ್ಲಿ, ಭುಜದುದ್ದ ಕೂದಲಿನ ಅಮೆರಿಕನ್ ಯುವಕನೊಬ್ಬ ಯೇಸುವನ್ನು ಕುರಿತು ರಾಕ್ ಆಲ್ಬಮ್ ಒಂದನ್ನು ಮುದ್ರಿಸಿದ. ಅವನು ಲ್ಯಾರಿ ನಾರ್ಮನ್. ಆಲ್ಬಮ್ಮಿನ ಹೆಸರು 'ಓನ್ಲಿ ವಿಸಿಟಿಂಗ್ ದಿಸ್ ಪ್ಲಾನೆಟ್'. ಈ ಭೂಮಿಗೆ ನಾವು ಬರೀ ನೆಂಟರು ಎಂದು ಅದರ ಅರ್ಥ. ಇವತ್ತು 'ಕ್ರಿಶ್ಚಿಯನ್ ರಾಕ್' ಎಂಬುದು ದೊಡ್ಡ ಮಾರುಕಟ್ಟೆ. ಅದರ ಹೊಸ ಆಲ್ಬಮ್‌ಗಳನ್ನು ಕೇಳುವಾಗಲೆಲ್ಲ ನಾನು 1972ರ ಈ ಆಲ್ಬಮ್ಮಿಗೆ ಮರಳುತ್ತೇನೆ.

ನಾರ್ಮನ್ ಹುಟ್ಟಿದ್ದು 1947ರಲ್ಲಿ, ಟೆಕ್ಸಸ್‌ನಲ್ಲಿ. ಮೊದಲು 'ಪೀಪಲ್!' ಎಂಬ ತಂಡದಲ್ಲಿದ್ದ. 1968ರಲ್ಲಿ ಆ ತಂಡದ 'ಐ ಲವ್ ಯೂ' ಹಾಡು ಅಮೆರಿಕದ ಪಟ್ಟಿಯಲ್ಲಿ 14ನೇ ಸ್ಥಾನಕ್ಕೇರಿತು. ತಂಡ ಬಿಟ್ಟು 1969ರಲ್ಲಿ ಕ್ಯಾಪಿಟಲ್ ಕಂಪನಿಗೆ 'ಅಪಾನ್ ದಿಸ್ ರಾಕ್' ಮಾಡಿದ. ಅದು ಮಾರಾಟವಾಗದೆ ಕಂಪನಿ ಅವನನ್ನು ಕೈಬಿಟ್ಟಿತು. ಚರ್ಚಿನವರಿಗೆ ಅವನ ಗಿಟಾರು ಹಿಡಿಸಲಿಲ್ಲ, ರಾಕ್ ಕೇಳುವವರಿಗೆ ಅವನ ದೇವರು ಹಿಡಿಸಲಿಲ್ಲ.

ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಹಿಪ್ಪಿಗಳ ನಡುವೆ 'ಜೀಸಸ್ ಚಳವಳಿ' ಹಬ್ಬುತ್ತಿತ್ತು. 1971ರ ಜೂನ್‌ನಲ್ಲಿ 'ಟೈಮ್' ಪತ್ರಿಕೆ ಅದನ್ನು ಮುಖಪುಟಕ್ಕೆ ತಂದಿತು. ಮರುವರ್ಷ ಡಲ್ಲಾಸ್‌ನಲ್ಲಿ 'ಎಕ್ಸ್‌ಪ್ಲೋ 72' ಎಂಬ ಯುವ ಸಮಾವೇಶ ನಡೆದಾಗ ಬಿಲ್ಲಿ ಗ್ರಹಾಂ ಬೋಧಿಸಿದ ಮೇಳದಲ್ಲೇ ಜಾನಿ ಕ್ಯಾಶ್ ಹಾಡಿದ, ನಾರ್ಮನ್ನೂ ಹಾಡಿದ.

ಆಲ್ಬಮ್ಮಿನ ಹಾಡೊಂದರ ಹೆಸರೇ ಒಂದು ತಕರಾರು: ಒಳ್ಳೆಯ ಸಂಗೀತವೆಲ್ಲ ಸೈತಾನನಿಗೇ ಏಕೆ ಸಲ್ಲಬೇಕು? ಪಿಯಾನೋ ಕುಟ್ಟುವ ಹಳೆಯ ರಾಕ್ ಅಂಡ್ ರೋಲ್ ಧಾಟಿಯಲ್ಲಿ ನಗುತ್ತಾ ಕೇಳುವ ಪ್ರಶ್ನೆ ಅದು. ಆದರೆ ಆಲ್ಬಮ್ಮಿನ ಶಕ್ತಿ ಇರುವುದು ಬೇರೆಡೆ. 'ದಿ ಗ್ರೇಟ್ ಅಮೆರಿಕನ್ ನಾವೆಲ್' ಕಪ್ಪು ಜನರ ಮೇಲಿನ ಹಿಂಸೆಯನ್ನು, ಯುದ್ಧವನ್ನು, ಹಸಿದವರಿರುವಾಗ ಚಂದ್ರಯಾನಕ್ಕೆ ಸುರಿದ ಹಣವನ್ನು ಹೆಸರಿಟ್ಟು ಹೇಳುತ್ತದೆ. 'ಸಿಕ್ಸ್ ಓ ಕ್ಲಾಕ್ ನ್ಯೂಸ್' ವಿಯೆಟ್ನಾಂ ಸಾವುಗಳನ್ನು ಸಂಜೆಯ ಟೀವಿ ಸುದ್ದಿಯಾಗಿ ನೋಡುವ ಮನೆಗಳನ್ನು ಕುರಿತದ್ದು. 'ದಿ ಔಟ್‌ಲಾ' ಯೇಸುವನ್ನು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಕಂಡದ್ದನ್ನು, ಬಂಡಾಯಗಾರ, ಕವಿ, ಮಾಂತ್ರಿಕ ಎಂದು, ತಣ್ಣಗೆ ಹೇಳುತ್ತಾ ಹೋಗಿ ಕೊನೆಗೆ ತನ್ನ ನಂಬಿಕೆಯನ್ನು ಮುಂದಿಡುತ್ತದೆ. ಗಿಟಾರ್ ಇರುವುದಕ್ಕಷ್ಟೇ ಇದು ರಾಕ್ ಅಲ್ಲ, ಅದರ ಪ್ರತಿಭಟನೆಯ ಗುಣವೂ ಇಲ್ಲಿದೆ.

ಎಲ್ಲವನ್ನೂ ಮೆಚ್ಚಬೇಕಿಲ್ಲ. 'ಐ ವಿಶ್ ವೀಡ್ ಆಲ್ ಬೀನ್ ರೆಡಿ' ಸುಂದರವಾದ ಹಾಡು, ಆದರೆ ಅದು ಹೇಳುವುದು ಲೋಕಾಂತ್ಯದಲ್ಲಿ ಹಿಂದುಳಿದುಬಿಡುವ ಭಯವನ್ನು. ಅದೇ ಕಾಲದ 'ಎ ಥೀಫ್ ಇನ್ ದಿ ನೈಟ್' ಚಿತ್ರ ಆ ಹಾಡನ್ನು ಹುಡುಗರನ್ನು ಹೆದರಿಸಲು ಬಳಸಿಕೊಂಡಿತು. ರಾಗ ಬೀದಿಯದೇ ಆದರೂ ಮಾತು ಹಳೆಯ ಪ್ರವಚನದ್ದೇ ಆಗಿರಬಹುದು.

ಈ ಪ್ರಶ್ನೆ ನಮಗೆ ಹೊಸತಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿ ಹಾಡುತ್ತಿದ್ದರು. ನಿಘಂಟಿನ ಕಿಟೆಲ್ ಅದರ ತಿರುವುಮುರುವು ಮಾಡಿದ. 1862ರ ತನ್ನ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲೇ ಹೇಳಿದ. ಕಿಟೆಲ್‌ಗೂ ನಾರ್ಮನ್‌ಗೂ ಸಂಬಂಧವೇನೂ ಇಲ್ಲ. ಆದರೂ ಇಬ್ಬರ ಮುಂದೆಯೂ ಇದ್ದದ್ದು ಒಂದೇ ಪ್ರಶ್ನೆ: ಭಕ್ತಿಗೆ ಕೇಳುಗರ ಧಾಟಿ ಬೇಕೋ, ಬೋಧಕರ ಧಾಟಿ ಬೇಕೋ?

ನಾರ್ಮನ್ 2008ರಲ್ಲಿ ತೀರಿಕೊಂಡ. 2014ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಮ್ಮನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಒಮ್ಮೆ ಎರಡೂ ಕಡೆಯವರು ಬೇಡವೆಂದದ್ದು ಈಗ ದೇಶದ ಆಸ್ತಿ. ಆದರೆ ಮಾರುಕಟ್ಟೆ ಅವನಿಂದ ಪಡೆದದ್ದು ಗಿಟಾರನ್ನು. ತನ್ನದೇ ದೇಶವನ್ನು, ತನ್ನದೇ ಜನರನ್ನು ಪ್ರಶ್ನಿಸುವ ಆ ದನಿಯನ್ನು ಅದು ಅಷ್ಟಾಗಿ ತೆಗೆದುಕೊಳ್ಳಲಿಲ್ಲ. ಹೊಸ ಭಕ್ತಿಗೀತೆಯೊಂದನ್ನು, ಯಾವ ಧರ್ಮದ್ದೇ ಆಗಲಿ, ಕೇಳುವಾಗ ರಾಗ ಎಷ್ಟು ಹೊಸದು ಎಂದು ಕೇಳಿಕೊಳ್ಳುತ್ತೇವೆ. ಅದು ಯಾರನ್ನು ಪ್ರಶ್ನಿಸುತ್ತಿದೆ ಎಂದೂ ಕೇಳಿಕೊಳ್ಳಬಹುದು.