ವಿದ್ಯುತ್ ಬೇಸ್ ಗಿಟಾರ್‌ನ ಪಿಕಪ್ ಮತ್ತು ಪ್ರಿಆಂಪ್

ಪಿಕಪ್ ಮತ್ತು ಪ್ರಿಆಂಪ್ ವಿದ್ಯುತ್ ಬೇಸ್ ಗಿಟಾರ್‌ನ ನಾದವನ್ನು ರೂಪಿಸುವ ಎರಡು ಭಾಗಗಳು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುವುದು ಪಿಕಪ್. ಆ ದುರ್ಬಲ ಸಂಕೇತವು ಮುಖ್ಯ ಆಂಪ್ಲಿಫೈಯರನ್ನು ತಲಪುವ ಮೊದಲೇ ಅದನ್ನು ಬಲಪಡಿಸಿ, ಅದರ ಮಂದ್ರ, ಮಧ್ಯ, ತಾರ ಅಂಶಗಳನ್ನು ಹೊಂದಿಸುವುದು ಪ್ರಿಆಂಪ್. ಪಿಕಪ್ ಗ್ರಹಿಸದ ನಾದವನ್ನು ಪ್ರಿಆಂಪ್ ಸೃಷ್ಟಿಸಲಾರದು. ಪಿಕಪ್‌ನ ಮೂಲಕ ಒಳಬಂದ ಗದ್ದಲವನ್ನು ನಾದದಿಂದ ಬೇರ್ಪಡಿಸಲೂ ಅದಕ್ಕೆ ಸಾಧ್ಯವಿಲ್ಲ.

ಪಿಕಪ್‌ನ ಕಾರ್ಯತತ್ತ್ವ

ಅಯಸ್ಕಾಂತದ ಸುತ್ತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಪಿಕಪ್ಪನ್ನು ತಯಾರಿಸಲಾಗುತ್ತದೆ. ಉಕ್ಕಿನ ಅಥವಾ ನಿಕಲ್ ಹೊದಿಕೆಯ ತಂತಿಯು ಅದರ ಮೇಲೆ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ, ಸುರುಳಿಯಲ್ಲಿ ವಿದ್ಯುತ್ತು ಉಂಟಾಗುತ್ತದೆ. ಇದಕ್ಕೆ ಆಧಾರ 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆ. ನೈಲಾನ್ ತಂತಿಯನ್ನು ಇಂತಹ ಪಿಕಪ್ ಗ್ರಹಿಸುವುದಿಲ್ಲ. ಹಿತ್ತಾಳೆಯ ತಂತಿಗಳಿಗೂ ಇದು ಸರಿಯಾಗಿ ಸ್ಪಂದಿಸದು. ವೀಣೆಗೆ ಹೆಚ್ಚಾಗಿ ಕಾಂಟ್ಯಾಕ್ಟ್ ಮೈಕ್ ಅಳವಡಿಸುವುದಕ್ಕೆ ಇದೂ ಒಂದು ಕಾರಣ.

ಪಿಕಪ್ ಇರುವ ಸ್ಥಳವೂ ಮುಖ್ಯ. ವಾದ್ಯದ ಕುತ್ತಿಗೆಯ ಸಮೀಪದಲ್ಲಿದ್ದರೆ ನಾದವು ಗಂಭೀರವೂ ದುಂಡಗೂ ಇರುತ್ತದೆ. ಕುದುರೆಯ ಸಮೀಪದಲ್ಲಿದ್ದರೆ ತೆಳುವಾಗಿ, ಸ್ಪಷ್ಟವಾಗಿ ಕೇಳಿಸುತ್ತದೆ. ಕುದುರೆಯ ಬಳಿ ತಂತಿಯ ಮೂಲಸ್ವರದ ಓಲಾಟ ಕಿರಿದಾಗಿರುವುದೇ ಇದಕ್ಕೆ ಕಾರಣ.

ಪಿಕಪ್‌ನ ಪ್ರಮುಖ ಪ್ರಕಾರಗಳು

• ಏಕಸುರುಳಿ: ನಾದ ನಿಚ್ಚಳ, ಆದರೆ ಸುತ್ತಲಿನ ವಿದ್ಯುತ್ ಉಪಕರಣಗಳ ಗುಂಯ್‌ಕಾರವನ್ನೂ ಗ್ರಹಿಸುತ್ತದೆ. 1960ರ ಫೆಂಡರ್ ಜಾಝ್ ಬೇಸ್‌ನಲ್ಲಿ ಇಂತಹ ಎರಡು ಪಿಕಪ್‌ಗಳಿವೆ. ಎರಡನ್ನೂ ಸಮನಾಗಿ ತೆರೆದಾಗ ಮಾತ್ರ ಗುಂಯ್‌ಕಾರ ಅಡಗುತ್ತದೆ.
• ಸೀಳುಸುರುಳಿ: 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸ್‌ಗೆ 1957ರಲ್ಲಿ ಇದನ್ನು ಅಳವಡಿಸಲಾಯಿತು. ಒಂದೊಂದು ಅರ್ಧವು ಎರಡೆರಡು ತಂತಿಗಳನ್ನು ಗ್ರಹಿಸುತ್ತದೆ. ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಸುತ್ತಿರುವುದರಿಂದ ಹೊರಗಿನ ಗದ್ದಲ ಪರಸ್ಪರ ರದ್ದಾಗುತ್ತದೆ.
• ಹಂಬಕರ್: ಎರಡು ಸುರುಳಿಗಳೂ ಎಲ್ಲ ತಂತಿಗಳನ್ನು ಗ್ರಹಿಸುತ್ತವೆ. ನಾದ ಪುಷ್ಟ, ಗದ್ದಲ ಕಡಿಮೆ.
• ಪೀಜೋ: ಕುದುರೆಯ ಮೇಲಿನ ಒತ್ತಡವನ್ನು ಗ್ರಹಿಸುವುದರಿಂದ ಯಾವುದೇ ಬಗೆಯ ತಂತಿಗೂ ಹೊಂದುತ್ತದೆ. ಇದಕ್ಕೆ ಸೂಕ್ತ ಪ್ರಿಆಂಪ್ ಬಹುತೇಕ ಅನಿವಾರ್ಯ.

ಪ್ರಿಆಂಪ್

ಪ್ರಿಆಂಪ್ ಇಲ್ಲದ ವಾದ್ಯವನ್ನು ಪ್ಯಾಸಿವ್, ಇರುವುದನ್ನು ಆಕ್ಟಿವ್ ಎಂದು ಕರೆಯುವುದು ರೂಢಿ. ಪ್ಯಾಸಿವ್ ವಾದ್ಯದ ಟೋನ್ ಗುಂಡಿಯು ತಾರಾಂಶವನ್ನು ತಗ್ಗಿಸಬಲ್ಲದೇ ಹೊರತು ಹೆಚ್ಚಿಸಲಾರದು. ಅಲ್ಲದೆ ಕೇಬಲ್ ಉದ್ದವಾದಷ್ಟೂ ತಾರಾಂಶ ಸೋರಿಹೋಗುತ್ತದೆ. ಪ್ರಿಆಂಪ್ ಈ ನಷ್ಟವನ್ನು ತಡೆಯುತ್ತದೆ. ನಾದದ ಅಂಶಗಳನ್ನು ಹೆಚ್ಚಿಸಲೂ ತಗ್ಗಿಸಲೂ ಅವಕಾಶ ಕೊಡುತ್ತದೆ.

1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಅಲೆಂಬಿಕ್ ಸಂಸ್ಥೆಯು ಆಕ್ಟಿವ್ ಬೇಸ್‌ಗಳನ್ನು ರೂಪಿಸಿದವರಲ್ಲಿ ಮೊದಲಿಗ. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಹಂಬಕರ್ ಪಿಕಪ್ಪನ್ನೂ ಪ್ರಿಆಂಪನ್ನೂ ಜೊತೆಗೂಡಿಸಿ ಆಕ್ಟಿವ್ ವಾದ್ಯವನ್ನು ಜನಪ್ರಿಯಗೊಳಿಸಿತು. ಪ್ರಿಆಂಪ್ ಸಾಮಾನ್ಯವಾಗಿ 9 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತದೆ. ಕೇಬಲ್ ಸಿಕ್ಕಿಸಿದ ಕೂಡಲೇ ಅದು ಚಾಲೂ ಆಗುವುದರಿಂದ, ನುಡಿಸಿದ ಮೇಲೆ ಕೇಬಲ್ ತೆಗೆಯದಿದ್ದರೆ ಬ್ಯಾಟರಿ ಬರಿದಾಗುತ್ತದೆ.

ಗುಂಯ್‌ಕಾರದ ಸಮಸ್ಯೆ

ಭಾರತದ ವಿದ್ಯುತ್ ಸರಬರಾಜಿನ ಆವೃತ್ತಿ 50 ಹರ್ಟ್ಸ್. ನಾಲ್ಕು ತಂತಿಗಳ ಬೇಸ್‌ನ ಮೂಲಸ್ವರಗಳು ಕ್ರಮವಾಗಿ ಸುಮಾರು 41, 55, 73 ಮತ್ತು 98 ಹರ್ಟ್ಸ್. ಅತಿ ಕೆಳಗಿನ ತಂತಿಯ ಮೂರನೆಯ ಮೆಟ್ಟಿಲಿನ ಸ್ವರ 49 ಹರ್ಟ್ಸ್. ಹೀಗಾಗಿ ಗುಂಯ್‌ಕಾರವೂ ಅದರ ಇಮ್ಮಡಿಯಾದ 100 ಹರ್ಟ್ಸ್ ಧ್ವನಿಯೂ ವಾದ್ಯದ ಸ್ವರಗಳ ನಡುವೆಯೇ ಬಂದು ಕೂರುತ್ತವೆ. ಪ್ರಿಆಂಪ್‌ನಲ್ಲಿ ಮಂದ್ರವನ್ನು ಹೆಚ್ಚಿಸಿದರೆ ಗದ್ದಲವೂ ಹೆಚ್ಚುತ್ತದೆ. ತಗ್ಗಿಸಿದರೆ ಸ್ವರವೂ ಸೊರಗುತ್ತದೆ. ಆದ್ದರಿಂದ ಈ ಬಗೆಯ ಗುಂಯ್‌ಕಾರವನ್ನು ಪಿಕಪ್‌ನಲ್ಲಿಯೇ ತಡೆಯುವುದು ಸರಿಯಾದ ಮಾರ್ಗ.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ 1996ರಲ್ಲಿ ಆರಂಭವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಮೊದಲಾದ ತಂಡಗಳಲ್ಲಿ ಬೇಸ್ ಗಿಟಾರ್ ಪ್ರಮುಖ ವಾದ್ಯ. ಶಿಶುನಾಳ ಶರೀಫರ ತತ್ತ್ವಪದಗಳನ್ನು ಹೊಸ ರೀತಿಯಲ್ಲಿ ಹಾಡಿದ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದಲ್ಲಿ ಗೌರವ್ ವಾಜ್ ಬೇಸ್ ನುಡಿಸಿದ್ದಾರೆ.

ದಾವಣಗೆರೆ ಜಿಲ್ಲೆಯ ನ್ಯಾಮತಿ, ಹೊನ್ನಾಳಿಯಂತಹ ಊರುಗಳಲ್ಲಿ ಈ ವಾದ್ಯ ಜನರಿಗೆ ಪರಿಚಿತವಾಗುವುದು ಹೆಚ್ಚಾಗಿ ಗಣೇಶೋತ್ಸವ, ರಾಜ್ಯೋತ್ಸವಗಳ ರಸಮಂಜರಿ ಕಾರ್ಯಕ್ರಮಗಳಿಂದ. ತಾತ್ಕಾಲಿಕ ವೇದಿಕೆಯಲ್ಲಿ ದೀಪಾಲಂಕಾರದ ವೈರುಗಳೂ ಜನರೇಟರೂ ಹತ್ತಿರದಲ್ಲಿಯೇ ಇರುವಾಗ ಏಕಸುರುಳಿಗಿಂತ ಸೀಳುಸುರುಳಿ ಅಥವಾ ಹಂಬಕರ್ ಹೆಚ್ಚು ಅನುಕೂಲಕರ. ಹಣ ಸೀಮಿತವಾಗಿರುವ ವಿದ್ಯಾರ್ಥಿಗೆ ಉತ್ತಮ ಪಿಕಪ್‌ನ ಪ್ಯಾಸಿವ್ ವಾದ್ಯವೇ ಮೇಲು. ಪ್ರಿಆಂಪನ್ನು ಮುಂದೆ ಪ್ರತ್ಯೇಕವಾಗಿ ಸೇರಿಸಿಕೊಳ್ಳಬಹುದು.

ಸುರಕ್ಷತೆ

ಬಹುತೇಕ ಬೇಸ್‌ಗಳಲ್ಲಿ ತಂತಿಗಳು ಕೇಬಲ್‌ನ ಮೂಲಕ ಆಂಪ್ಲಿಫೈಯರ್‌ನ ಭೂಸಂಪರ್ಕಕ್ಕೆ ಜೋಡಣೆಯಾಗಿರುತ್ತವೆ. ಕೈ ಮುಟ್ಟಿದಾಗ ಗದ್ದಲ ತಗ್ಗುವುದು ಇದರಿಂದಲೇ. ಆದರೆ ಅರ್ಥಿಂಗ್ ಇಲ್ಲದ ವೇದಿಕೆಯಲ್ಲಿ, ಆಂಪ್ಲಿಫೈಯರ್ ದೋಷಪೂರಿತವಾಗಿದ್ದರೆ, ವಾದಕನು ತಂತಿಯನ್ನು ಹಿಡಿದಿರುವಾಗಲೇ ಮೈಕನ್ನು ಮುಟ್ಟಿ ತೀವ್ರವಾದ ವಿದ್ಯುದಾಘಾತಕ್ಕೆ ಒಳಗಾಗುವ ಅಪಾಯವಿದೆ. ಗುಂಯ್‌ಕಾರ ನಿಲ್ಲಿಸಲೆಂದು ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ನನ್ನು ತೆಗೆಯುವುದು ಪ್ರಾಣಾಂತಿಕವಾಗಬಹುದು.