ಪ್ರೈಡ್ ಅಂಡ್ ಪ್ರೆಜುಡಿಸ್ (1940ರ ಚಲನಚಿತ್ರ)

ಜೇನ್ ಆಸ್ಟೆನ್‌ಳ 1813ರ ಕಾದಂಬರಿಯನ್ನು ಆಧರಿಸಿ ಹಾಲಿವುಡ್ಡಿನ ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಸಂಸ್ಥೆಯು ನಿರ್ಮಿಸಿ, ರಾಬರ್ಟ್ ಝಡ್. ಲಿಯೊನಾರ್ಡ್ ನಿರ್ದೇಶಿಸಿದ ಕಪ್ಪು-ಬಿಳುಪಿನ ಪ್ರಣಯವಿನೋದ ಚಿತ್ರ. ಐವರು ಹೆಣ್ಣುಮಕ್ಕಳಿಗೆ ವರಾನ್ವೇಷಣೆ ಮಾಡುವ ತಾಯಿಯ ತಳಮಳದ ನಡುವೆ, ಎರಡನೆಯ ಮಗಳಾದ ಎಲಿಜಬೆತ್‌ಳಿಗೂ ಶ್ರೀಮಂತ ಡಾರ್ಸಿಗೂ ಹುಟ್ಟಿದ ವೈಮನಸ್ಯವು ಅನುರಾಗವಾಗಿ ಪರಿಣಮಿಸುವುದೇ ಕಥಾವಸ್ತು.

ಚಿತ್ರಕ್ಕೆ ಹತ್ತಿರದ ಆಕರವು ಕಾದಂಬರಿಗಿಂತ ಹೆಚ್ಚಾಗಿ ಹೆಲೆನ್ ಜೆರೋಮ್ ರಚಿಸಿದ ನಾಟಕ. 1935ರಲ್ಲಿ ಫಿಲಡೆಲ್ಫಿಯದಲ್ಲಿ ಅದರ ಪ್ರಯೋಗವನ್ನು ಕಂಡು ಮೆಚ್ಚಿದವನು, ತೆರೆಯ ಮೇಲೆ ತುಟಿ ಬಿಚ್ಚದ ಹಾಸ್ಯನಟನೆಂದು ಹೆಸರಾದ ಹಾರ್ಪೋ ಮಾರ್ಕ್ಸ್. ನಟಿ ನಾರ್ಮಾ ಶಿಯರರ್‌ಳಿಗೆ ಈ ನಾಟಕವು ಒಪ್ಪುವಂಥದೆಂದು ಅವಳ ಪತಿ, ನಿರ್ಮಾಪಕ ಅರ್ವಿಂಗ್ ಥಾಲ್‌ಬರ್ಗನಿಗೆ ಸೂಚಿಸಿದವನೂ ಅವನೇ. 1936ರಲ್ಲಿ ಥಾಲ್‌ಬರ್ಗ್ ಅಕಾಲಮರಣಕ್ಕೀಡಾಗಲು ಕಾರ್ಯವು ಸ್ಥಗಿತಗೊಂಡು, ಕಡೆಗೆ ಗ್ರಿಯರ್ ಗಾರ್ಸನ್ ಎಲಿಜಬೆತ್‌ಳಾಗಿಯೂ ಲಾರೆನ್ಸ್ ಒಲಿವಿಯರ್ ಡಾರ್ಸಿಯಾಗಿಯೂ ಅಭಿನಯಿಸಿದರು. ಚಿತ್ರಕಥೆಯನ್ನು ಬರೆದವರು ಜೇನ್ ಮರ್ಫಿನ್ ಮತ್ತು ‘ಬ್ರೇವ್ ನ್ಯೂ ವರ್ಲ್ಡ್’ ಖ್ಯಾತಿಯ ಆಲ್ಡಸ್ ಹಕ್ಸ್‌ಲಿ. ಭವಿಷ್ಯದ ಭೀಕರತೆಯನ್ನು ಚಿತ್ರಿಸಿದ ಲೇಖನಿಗೆ ಹಳ್ಳಿಗಾಡಿನ ಮದುವೆಮಾತು ಒದಗಿಬಂದುದು ಸೋಜಿಗವಾದರೂ, ವ್ಯಂಗ್ಯಕ್ಕೆ ಅಲ್ಲಿ ಕೊರತೆಯಾಗಲಿಲ್ಲ.

ಮೂಲದಿಂದ ದೂರ ಸರಿದ ಅಂಶಗಳು ಹಲವು. ಆಸ್ಟೆನ್‌ಳ ಕಾಲದ ಸಪೂರವಾದ ನಿಲುವಂಗಿಗಳ ಬದಲು, ವಸ್ತ್ರವಿನ್ಯಾಸಕ ಏಡ್ರಿಯನ್ ಸುಮಾರು 1830ರ ದಶಕದ ಉಬ್ಬುತೋಳು, ಅಗಲ ಲಂಗಗಳನ್ನು ತೊಡಿಸಿದನು. ಡಾರ್ಸಿಯ ಪೆಂಬರ್ಲಿ ಸೌಧದ ಸಂದರ್ಶನವು ಪೂರ್ತಿಯಾಗಿ ಲೋಪವಾಯಿತು. ಪಾದ್ರಿಗಳ ಅವಹೇಳನಕ್ಕೆ ಅಂದಿನ ಚಿತ್ರನಿಯಮವು ಎಡೆಗೊಡದುದರಿಂದ ಕಾದಂಬರಿಯ ಪಾದ್ರಿ ಕಾಲಿನ್ಸನು ಇಲ್ಲಿ ಗ್ರಂಥಪಾಲಕನಾದನು. ಕಾದಂಬರಿಯಲ್ಲಿಲ್ಲದ ಬಿಲ್ಲುವಿದ್ಯೆಯ ಪ್ರಸಂಗವಾದರೋ ಚಿತ್ರದ ಅತ್ಯುತ್ತಮ ಭಾಗವೆನ್ನಬಹುದು: ಬಾಣಪ್ರಯೋಗವನ್ನು ಕಲಿಸಲು ದೊಡ್ಡಸ್ತಿಕೆಯಿಂದ ಮುಂದಾದ ಡಾರ್ಸಿಯ ಎದುರಿನಲ್ಲಿಯೇ ಎಲಿಜಬೆತ್ ಬಿಟ್ಟ ಬಾಣವು ಗುರಿಯ ನಡುಬೊಟ್ಟಿಗೆ ನಾಟಲು, ಅವನ ಗರ್ವಭಂಗವು ಒಂದು ಮಾತಿನ ಉಪದೇಶವೂ ಇಲ್ಲದೆ ನೆರವೇರುತ್ತದೆ.

ಇದಕ್ಕೆ ಹೋಲಿಸಿದರೆ ಲೇಡಿ ಕ್ಯಾಥರೀನಳ ಪಾತ್ರಾಂತರವು ಒಪ್ಪುವಂಥದಲ್ಲ. ಮೂಲದಲ್ಲಿ ಕುಲಮದದ ಮೂರ್ತಿಯಾದ ಈಕೆ, ಇಲ್ಲಿ ಎಡ್ನಾ ಮೇ ಆಲಿವರ್‌ಳ ಸೊಗಸಾದ ಅಭಿನಯದಲ್ಲಿ, ಸೋದರಿಯ ಮಗನಾದ ಡಾರ್ಸಿಯ ಪರವಾಗಿ ಕನ್ಯೆಯ ಮನಸ್ಸನ್ನು ಪರೀಕ್ಷಿಸಲು ಬಂದ ಹಿತೈಷಿಯಾಗುತ್ತಾಳೆ. ನಗೆಯೇನೋ ಹೆಚ್ಚಿತು, ಆದರೆ ವರ್ಗಭೇದವನ್ನು ಕುರಿತ ಆಸ್ಟೆನ್‌ಳ ಟೀಕೆಯ ಮೊನೆಯು ಮೊಂಡಾಯಿತು.

ಸೆಡ್ರಿಕ್ ಗಿಬ್ಬನ್ಸ್ ಮತ್ತು ಪಾಲ್ ಗ್ರೋಸೆ ಇವರ ಕಲಾನಿರ್ದೇಶನಕ್ಕೆ ಕಪ್ಪು-ಬಿಳುಪು ವಿಭಾಗದ ಆಸ್ಕರ್ ಪ್ರಶಸ್ತಿಯು ಲಭಿಸಿತು. ಚಿತ್ರವು ಕೈಬಿಟ್ಟ ಪೆಂಬರ್ಲಿಯ ಸಂದರ್ಶನವು, ಅದೇ ಕಾದಂಬರಿಯನ್ನು ಆಧರಿಸಿ ಜೋ ರೈಟ್ ನಿರ್ದೇಶಿಸಿದ 2005ರ ಚಿತ್ರದಲ್ಲಿ ಪುನಃ ಸೇರ್ಪಡೆಯಾಯಿತು.