ಮೇಲ್ ಎಲ್ಲರಿಗೂ ಬಂತು, ಕೆಲಸ ಯಾರ ಹತ್ರ ಇತ್ತು?

ವಿಜಯನಗರ ಮೆಟ್ರೋ ಸ್ಟೇಷನ್‌ನಲ್ಲಿ ಇಯರ್‌ಫೋನ್ ಹಾಕ್ಕೊಂಡು ನಿಂತಿರೋರಿಗೆ, ಕೆಂಗೇರಿ ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿರೋ ಪುಣ್ಯವಂತರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಸಂಚಿಕೆ ಇಮೇಲ್ ಬಗ್ಗೆ. ಅಯ್ಯೋ, ಆಫೀಸಲ್ಲಿ ಅದೇ, ಇಲ್ಲೂ ಅದೇನಾ ಅಂತ ಸ್ಕಿಪ್ ಮಾಡಬೇಡಿ. ಇದು ಇತಿಹಾಸದ ಸಂಚಿಕೆ. ಒಂದು ಗ್ರೂಪ್ ಮೇಲ್‌ನಿಂದ ಶುರುವಾಗಿ ಕಪ್ಪು ಬಟ್ಟೆಯ ಪುಸ್ತಕದವರೆಗೆ ಹೋಗುತ್ತೆ. ಮೊದಲು ನಾನೇ ಮಾಡಿದ ಒಂದು ತಪ್ಪು ಹೇಳ್ತೀನಿ.

ಬಿ.ಕಾಂ ಮುಗಿಸಿ ಕೆಲವು ವರ್ಷ ರಾಜಾಜಿನಗರದ ಒಂದು ಆಡಿಟರ್ ಆಫೀಸಲ್ಲಿ ಕೆಲಸ ಮಾಡ್ತಿದ್ದೆ. ಕಾಮಾಕ್ಷಿಪಾಳ್ಯದ ಒಂದು ಸಣ್ಣ ಲೇತ್ ವರ್ಕ್‌ಶಾಪ್ ನಮ್ಮ ಕ್ಲೈಂಟ್. ನಾಲ್ಕು ಜನ ಕೆಲಸಗಾರರು, ಒಬ್ಬರು ಯಜಮಾನರು. ಪ್ರತಿ ತಿಂಗಳು ಅವರ ಸೇಲ್ಸ್ ಬಿಲ್‌ಗಳು ಮೇಲ್‌ನಲ್ಲಿ ಬರ್ತಿದ್ವು. ಆ ಮೇಲ್‌ನಲ್ಲಿ ನಾವು ಎಂಟು ಜನ ಇದ್ವಿ. ಆ ತಿಂಗಳು ಎರಡು ಬಿಲ್‌ಗಳಲ್ಲಿ ಜಿಎಸ್‌ಟಿ ನಂಬರ್ ತಪ್ಪಿತ್ತು. ಯಾರೋ ಕೇಳಿದ್ರು, 'ಇದನ್ನ ಸರಿ ಮಾಡಿಸಬೇಕಲ್ವಾ?' ಒಬ್ಬರು 'ಹೌದು' ಅಂದ್ರು. ಇನ್ನೊಬ್ಬರು 'ಓಕೆ' ಅಂದ್ರು. ನಾನು 'ನೋಟೆಡ್' ಅಂತ ಟೈಪ್ ಮಾಡಿದೆ. ಇಪ್ಪತ್ತಕ್ಕೂ ಹೆಚ್ಚು ರಿಪ್ಲೈ ಆಯ್ತು. ಸರಿ ಮಾಡಿಸಿದವರು ಯಾರೂ ಇಲ್ಲ.

ಕಾಮರ್ಸ್ ಓದದೇ ಇರೋರಿಗೆ ಇಲ್ಲಿ ಸ್ವಲ್ಪ ವಿವರಣೆ ಬೇಕು. ತಿಂಗಳಿಗೊಮ್ಮೆ ಸಲ್ಲಿಸುವವರು ಹಿಂದಿನ ತಿಂಗಳ ಮಾರಾಟದ ವಿವರವನ್ನ ಜಿಎಸ್‌ಟಿಆರ್-1ರಲ್ಲಿ 11ನೇ ತಾರೀಖಿನೊಳಗೆ ಕೊಡಬೇಕು. 14ನೇ ತಾರೀಖು ಕೊಂಡವರ ಖಾತೆಯಲ್ಲಿ 2ಬಿ ಅನ್ನೋ ಪಟ್ಟಿ ತಯಾರಾಗುತ್ತೆ. ಅದರಲ್ಲಿ ಬಿಲ್ ಕಾಣಿಸಿದ್ರೆ ಮಾತ್ರ ಕೊಂಡವರು ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗೋದು. ನಮ್ಮ ವರ್ಕ್‌ಶಾಪ್‌ನ ರಿಟರ್ನ್ 11 ದಾಟಿ ಹೋಯ್ತು. ಕೊಂಡ ಕಂಪನಿಯವರು ಪಟ್ಟಿ ನೋಡಿದ್ರು, ಬಿಲ್ ಇಲ್ಲ. ಪೇಮೆಂಟ್ ತಡೆಹಿಡಿದ್ರು. ಗೌರಿ ಹಬ್ಬ ಎದುರಿಗಿತ್ತು. ನಾಲ್ಕು ಮನೆಗೆ ಸಂಬಳ ತಡವಾಯ್ತು.

ಯಜಮಾನರು ಆಫೀಸಿಗೆ ಬಂದ್ರು. ಕೂಗಾಡಲಿಲ್ಲ. ನಾನು ಲ್ಯಾಪ್‌ಟಾಪ್ ತಿರುಗಿಸಿ ಮೇಲ್ ತೋರಿಸಿದೆ. 'ನೋಡಿ ಸರ್, ಎಲ್ಲರಿಗೂ ಗೊತ್ತಿತ್ತು, ಎಷ್ಟು ಮಾತಾಡಿದ್ದೀವಿ ನೋಡಿ.' ಅವರು ಸ್ಕ್ರೀನ್ ನೋಡಿ ಹೇಳಿದ್ರು, 'ಮಾತಾಡಿದ್ದು ಕಾಣ್ತಿದೆ ಕಣಮ್ಮಾ. ನನ್ನ ಕೆಲಸ ನಿಮ್ಮಲ್ಲಿ ಯಾರ ಹತ್ರ ಇತ್ತು?'

ನನ್ನ ಹತ್ರ ಉತ್ತರ ಇರಲಿಲ್ಲ. ಆ ಮೇಲ್‌ನಲ್ಲೂ ಇರಲಿಲ್ಲ. ಅವತ್ತಿಂದ ಈ ಪ್ರಶ್ನೆ ಹಿಡ್ಕೊಂಡು ಓದ್ತಾ ಹೋದೆ. ಹತ್ತು ಜನ ಸೇರಿ ಒಂದು ಕೆಲಸದ ಬಗ್ಗೆ ಕಾಗದದಲ್ಲಿ ಮಾತಾಡೋದು ಹೊಸದೇನಲ್ಲ. ಇಮೇಲ್ ಬರೋ ಮುಂಚೆ ಜನ ಇದನ್ನ ಹೇಗೆ ನಿಭಾಯಿಸ್ತಿದ್ರು?

ಒಂದು ಪದದಿಂದ ಶುರು ಮಾಡೋಣ: ಕಡತ. ಸರ್ಕಾರಿ ಕಚೇರಿಗೆ ಹೋದವರಿಗೆ ಗೊತ್ತು, ಫೈಲ್ ಅನ್ನೋದಕ್ಕೆ ಕನ್ನಡದಲ್ಲಿ ಕಡತ ಅಂತಾರೆ. ಆದ್ರೆ ಮೂಲದಲ್ಲಿ ಕಡತ ಅಂದ್ರೆ ಕಾಗದವೇ ಅಲ್ಲ, ಬಟ್ಟೆ. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಸೇರಿಸಿ ಎರಡೂ ಕಡೆ ಬಳಿದು ಒಣಗಿಸೋರು. ಆಮೇಲೆ ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚಿ ಪುಸ್ತಕದ ಥರ ಮಾಡೋರು. ಕಪ್ಪು ಬಟ್ಟೆ ಮೇಲೆ ಬಳಪದಲ್ಲಿ ಬಿಳಿ ಬರಹ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ.

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಬಂದ ತಮ್ಮ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟದಲ್ಲಿ ಇದನ್ನ ವಿವರವಾಗಿ ಬರೆದಿದ್ದಾರೆ. ಬಟ್ಟೆ 12ರಿಂದ 18 ಅಡಿ ಉದ್ದ ಇರ್ತಿತ್ತಂತೆ. ಹಿಂದೆ ರಾಜ್ಯದ ದಾಖಲೆಗಳಿಗೂ ಇದೇ ಬಳಕೆಯಲ್ಲಿತ್ತು, ತಮ್ಮ ಕಾಲದಲ್ಲಿ ಮೈಸೂರಿನ ವರ್ತಕರು, ಅಂಗಡಿಯವರು ಬಳಸ್ತಿದ್ರು ಅಂತಾರೆ. ಇನ್ನೊಂದು ಮಾತನ್ನೂ ಹೇಳ್ತಾರೆ. ಸ್ಲೇಟಿನ ಥರ ಒರೆಸಿ ಮತ್ತೆ ಬರೀಬಹುದಿತ್ತು.

ಯೋಚನೆ ಮಾಡಿ. ಒಬ್ಬ ಅಂಗಡಿಯವನ ಕೈಯಲ್ಲಿ ಕಡತ. ಬಿಡಿಸಿದ್ರೆ ಪೂರ್ತಿ ವ್ಯವಹಾರ ಒಂದೇ ಪಟ್ಟಿಯಲ್ಲಿ, ಮೇಲಿಂದ ಕೆಳಗೆ. ನಾವು ಇವತ್ತು ಥ್ರೆಡ್ ಅಂತೀವಲ್ಲ, ಹಾಗೆ. ಬಾಕಿ ತೀರಿದ್ರೆ ಒರೆಸಬಹುದು, ಟು-ಡೂ ಲಿಸ್ಟ್ ಥರ. ಆದ್ರೆ ಅಲ್ಲಿ ಕಡತಕ್ಕೆ ಒಬ್ಬನೇ ಯಜಮಾನ. 'ಯಾರ ಹತ್ರ ಇದೆ' ಅನ್ನೋ ಪ್ರಶ್ನೆಯೇ ಹುಟ್ಟಲ್ಲ. ಗೋಜಲು ಶುರುವಾಗೋದು ಹಲವರು ಸೇರಿದಾಗ, ಅಂದ್ರೆ ಕಚೇರಿ ಹುಟ್ಟಿದಾಗ.

ನಮ್ಮ ಪರ್ಪಲ್ ಲೈನ್ ಮೆಟ್ರೋ ಹಿಡಿದು ವಿಧಾನಸೌಧ ಸ್ಟೇಷನ್‌ನಲ್ಲಿ ಇಳೀರಿ. ವಿಧಾನಸೌಧದ ಎದುರು ಒಂದು ಕೆಂಪು ಕಟ್ಟಡ ಇದೆ, ಈಗ ಹೈಕೋರ್ಟ್. ಅದರ ಹಳೇ ಹೆಸರು ಅಠಾರ ಕಚೇರಿ. ಅಠಾರ ಅಂದ್ರೆ ಹದಿನೆಂಟು. ಮೈಸೂರು ಆಡಳಿತವನ್ನ ಹದಿನೆಂಟು ಇಲಾಖೆಗಳಾಗಿ ಹಂಚಿದ್ದು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದ್ರೆ 17ನೇ ಶತಮಾನದ ಕೊನೆಯಲ್ಲಿ ಅಂತ ಹೇಳ್ತಾರೆ. ಕಟ್ಟಡ ಆಮೇಲಿನದು, 1868ರಲ್ಲಿ ಮುಗಿದಿದ್ದು. ಅದೇ ಚಿಕ್ಕದೇವರಾಜರ ಹೆಸರಿಗೆ ಮೈಸೂರು ಅಂಚೆಯೂ ಸೇರಿಕೊಂಡಿದೆ. ಆ ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆ ಜೊತೆ ವಿಲೀನ ಆಯ್ತು.

ಇವೆರಡನ್ನ ಯಾಕೆ ಒಟ್ಟಿಗೆ ಹೇಳಿದೆ? ಅಂಚೆಯ ಕೆಲಸ ಕಾಗದ ತಲುಪಿಸೋದು. ಕಚೇರಿಯ ಕೆಲಸ ಅದನ್ನ ವಿಲೇವಾರಿ ಮಾಡೋದು. ಎರಡೂ ಬೇರೆ ಬೇರೆ ಕೆಲಸ. ಅಂಚೆಯವನು ಕಾಗದ ಕೊಟ್ಟು ಹೋದ ಅಂದ್ರೆ ನಿಮ್ಮ ಕೆಲಸ ಆಯ್ತು ಅಂತ ಅಲ್ಲ. ಇಮೇಲ್ ಈ ಎರಡನ್ನೂ ಒಂದೇ ಡಬ್ಬಿಗೆ ಹಾಕ್ತು. ಅದಕ್ಕೇ ನಾವು 'ಮೇಲ್ ಹಾಕಿದ್ದೀನಲ್ಲ' ಅನ್ನೋದನ್ನ ಕೆಲಸ ಮುಗೀತು ಅನ್ನೋ ಹಾಗೆ ಹೇಳ್ತೀವಿ.

ಕಚೇರಿಯಲ್ಲಿ ಕಾಗದ ಹೇಗೆ ನಡೀತಿತ್ತು ನೋಡಿ. ಬಂದ ಪತ್ರ ಮೊದಲು ಟಪಾಲು. ರಿಜಿಸ್ಟರ್‌ನಲ್ಲಿ ಅದಕ್ಕೊಂದು ನಂಬರು, ತಾರೀಖು. ಆಮೇಲೆ ಅದು ಒಬ್ಬ ವಿಷಯ ನಿರ್ವಾಹಕರಿಗೆ ಹೋಗುತ್ತೆ, ಕೇಸ್ ವರ್ಕರ್ ಅಂತೀವಲ್ಲ, ಅವರಿಗೆ. ಅವರು ಕಡತ ತೆರೀತಾರೆ. ಕಡತದಲ್ಲಿ ಎರಡು ಭಾಗ. ಒಂದು ಪತ್ರ ವ್ಯವಹಾರ, ಅಂದ್ರೆ ಹೊರಗಿನಿಂದ ಬಂದಿದ್ದು, ಹೊರಗೆ ಹೋಗಿದ್ದು. ಇನ್ನೊಂದು ಟಿಪ್ಪಣಿ ಹಾಳೆ, ಅಂದ್ರೆ ಒಳಗಿನ ಚರ್ಚೆ. ಟಿಪ್ಪಣಿಯ ಪ್ರತಿ ಪ್ಯಾರಾಗೂ ನಂಬರು. ಬರೆದವರ ಸಹಿ, ತಾರೀಖು, ಮುಂದೆ ಯಾರಿಗೆ ಅನ್ನೋ ಗುರುತು.

ಇದೂ ಗ್ರೂಪ್ ಚರ್ಚೆಯೇ. ಗುಮಾಸ್ತರಿಂದ ಕಾರ್ಯದರ್ಶಿವರೆಗೆ ಐದಾರು ಜನ ಮಾತಾಡ್ತಾರೆ. ಆದ್ರೆ ಒಂದು ವ್ಯತ್ಯಾಸ ಇದೆ. ಕಡತ ಇರೋದು ಒಂದೇ. ಅದು ಒಂದು ಹೊತ್ತಿಗೆ ಒಬ್ಬರ ಮೇಜಿನ ಮೇಲೆ ಮಾತ್ರ ಇರಬಹುದು. ಎಂಟು ಜನ ಅಭಿಪ್ರಾಯ ಹೇಳಿದ್ರೂ 'ಈಗ ಯಾರ ಹತ್ರ ಇದೆ' ಅಂದ್ರೆ ಒಂದೇ ಹೆಸರು. ಯಾರೂ ಈ ನಿಯಮವನ್ನ ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ. ಕಾಗದ ಒಂದೇ ಪ್ರತಿ ಇದ್ದಿದ್ದರಿಂದ ಅದು ತಾನಾಗೇ ಪಾಲನೆ ಆಗ್ತಿತ್ತು.

ಪ್ರತಿಗಳನ್ನ ಕಳಿಸಲೇಬೇಕಾದಾಗ ಏನು ಮಾಡ್ತಿದ್ರು? ಯಾವುದಾದ್ರೂ ಸರ್ಕಾರಿ ಆದೇಶದ ಕೊನೆ ನೋಡಿ. 'ಪ್ರತಿಗಳು' ಅಂತ ಒಂದು ಪಟ್ಟಿ ಇರುತ್ತೆ. ಒಬ್ಬರ ಹೆಸರಿನ ಮುಂದೆ 'ಮಾಹಿತಿಗಾಗಿ', ಇನ್ನೊಬ್ಬರ ಮುಂದೆ 'ಸೂಕ್ತ ಕ್ರಮಕ್ಕಾಗಿ'. ನಾನು ಮೊದಲು ಇದನ್ನ ಸರ್ಕಾರಿ ಕನ್ನಡದ ಅಲಂಕಾರ ಅನ್ಕೊಂಡಿದ್ದೆ. ಅಲ್ಲ. ಯಾರು ಓದಿ ಸುಮ್ಮನಿರಬಹುದು, ಯಾರು ಎದ್ದು ಕೆಲಸ ಮಾಡಬೇಕು ಅನ್ನೋದನ್ನ ಎರಡು ಪದದಲ್ಲಿ ಬೇರೆ ಮಾಡಿದ್ದಾರೆ. ನಮ್ಮ ಎಂಟು ಜನರ ಮೇಲ್‌ನಲ್ಲಿ ಇಲ್ಲದೇ ಇದ್ದಿದ್ದು ಇದೇ.

ಈಗ ಇಮೇಲ್ ಕಡೆ ಬರೋಣ. 1971ರಲ್ಲಿ ಅಮೆರಿಕದಲ್ಲಿ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದ್ರು, ಆ 'ಅಟ್' ಚಿಹ್ನೆ ಆರಿಸಿದ್ದೂ ಅವರೇ. ಮರುವರ್ಷ ಲ್ಯಾರಿ ರಾಬರ್ಟ್ಸ್ ಆರ್‌ಡಿ ಅನ್ನೋ ಪ್ರೋಗ್ರಾಂ ಬರೆದ್ರು. ಬಂದ ಸಂದೇಶಗಳ ಪಟ್ಟಿ ನೋಡೋದು, ಬೇಕಾದ್ದನ್ನ ಮಾತ್ರ ತೆರೆಯೋದು, ಎತ್ತಿಡೋದು, ಅಳಿಸೋದು ಅದರಲ್ಲಿ ಸಾಧ್ಯ ಆಯ್ತು. ಅಂದ್ರೆ ಇಮೇಲ್ ಹುಟ್ಟಿದ ಒಂದೇ ವರ್ಷಕ್ಕೆ ಇನ್‌ಬಾಕ್ಸ್ ನಿಭಾಯಿಸೋ ತಲೆನೋವೂ ಹುಟ್ಟಿತ್ತು!

1977ರ ಆರ್‌ಎಫ್‌ಸಿ 733 ಅನ್ನೋ ದಾಖಲೆ ಮೇಲ್‌ನ ತಲೆಬರಹ ಹೇಗಿರಬೇಕು ಅಂತ ಬರೆದಿಟ್ತು. ಟು, ಸಿಸಿ, ಮತ್ತು ಇದು ಯಾವ ಸಂದೇಶಕ್ಕೆ ಉತ್ತರ ಅಂತ ಹೇಳೋ ಒಂದು ಸಾಲು ಎಲ್ಲಾ ಅದರಲ್ಲಿವೆ. ಸಿಸಿ ಅಂದ್ರೆ ಕಾರ್ಬನ್ ಕಾಪಿ. ಟೈಪ್‌ರೈಟರ್‌ನಲ್ಲಿ ಹಾಳೆಗಳ ಮಧ್ಯೆ ಕಪ್ಪು ಕಾರ್ಬನ್ ಇಟ್ಟು ಟೈಪ್ ಮಾಡ್ತಿದ್ರು. ಮೂರ್ನಾಲ್ಕು ಪ್ರತಿ ದಾಟಿದ್ರೆ ಅಕ್ಷರ ಮಸುಕು. ಅದಕ್ಕೇ ಯಾರಿಗೆ ಪ್ರತಿ ಬೇಕು ಅಂತ ಯೋಚನೆ ಮಾಡಿ ಕಳಿಸ್ತಿದ್ರು. ಇಮೇಲ್‌ನಲ್ಲಿ ಎಂಟನೇ ಪ್ರತಿಯೂ ಮೊದಲನೆಯದಷ್ಟೇ ಸ್ಪಷ್ಟ, ಪುಕ್ಕಟೆ. ಹಾಗಾಗಿ ಎಲ್ಲರನ್ನೂ ಹಾಕಿದ್ವಿ.

ಮುಂದೆ 1996ರ ಜುಲೈ 4ಕ್ಕೆ ಹಾಟ್‌ಮೇಲ್ ಬಂತು. ಜ್ಯಾಕ್ ಸ್ಮಿತ್ ಜೊತೆ ಅದನ್ನ ಕಟ್ಟಿದ ಸಬೀರ್ ಭಾಟಿಯಾ ನಮ್ಮ ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ ಓದಿದವರು. ಸೈಬರ್ ಕೆಫೆಯಲ್ಲಿ ಕೂತವರಿಗೂ ಪುಕ್ಕಟೆ ಮೇಲ್ ಸಿಕ್ತು. 2004ರ ಏಪ್ರಿಲ್ 1ಕ್ಕೆ ಜಿಮೇಲ್. ಆಗಿನ ಕಾಲಕ್ಕೆ 1 ಜಿಬಿ ಜಾಗ ಕೊಡ್ತೀವಿ ಅಂದಿದ್ದಕ್ಕೆ ತುಂಬಾ ಜನ ಏಪ್ರಿಲ್ ಫೂಲ್ ಅಂದ್ಕೊಂಡ್ರು. ಪಾಲ್ ಬುಕೈಟ್ ರೂಪಿಸಿದ ಈ ಜಿಮೇಲ್, ಒಂದು ವಿಷಯದ ಎಲ್ಲ ಉತ್ತರಗಳನ್ನ ಒಟ್ಟಿಗೆ ಪೋಣಿಸಿ ತೋರಿಸ್ತು. ಬೇರೆ ಕೆಲವು ಪ್ರೋಗ್ರಾಂಗಳು ಮುಂಚೆಯೇ ಹೀಗೆ ಮಾಡ್ತಿದ್ವು, ಆದ್ರೆ ಜನಸಾಮಾನ್ಯರಿಗೆ ರೂಢಿ ಮಾಡಿಸಿದ್ದು ಇದು. 2008ರ ಕೊನೆಗೆ ಟಾಸ್ಕ್ಸ್ ಬಂತು, 2018ರಲ್ಲಿ ಸ್ನೂಜ್.

ಇಲ್ಲೇ ಒಂದು ಸೂಕ್ಷ್ಮ ಇದೆ, ಕೇಳಿ. ನೀವು ಮೇಲ್‌ಗೆ ಸ್ಟಾರ್ ಹಾಕ್ತೀರ, ಟಾಸ್ಕ್ಸ್‌ಗೆ ಸೇರಿಸ್ತೀರ, ಸ್ನೂಜ್ ಮಾಡ್ತೀರ. ಇದೆಲ್ಲ ನಿಮಗೆ ಮಾತ್ರ ಕಾಣುತ್ತೆ. ಉಳಿದ ಏಳು ಜನಕ್ಕೆ ನೀವು ಅದನ್ನ ಕೈಗೆತ್ತಿಕೊಂಡಿದ್ದು ಗೊತ್ತಾಗಲ್ಲ. ಕೈಗೆತ್ತಿಕೊಳ್ಳದೇ ಇದ್ದಿದ್ದೂ ಗೊತ್ತಾಗಲ್ಲ. ಚರ್ಚೆ ಎಲ್ಲರದು, ಕೆಲಸದ ಪಟ್ಟಿ ಒಬ್ಬೊಬ್ಬರದು. ಇವೆರಡರ ನಡುವಿನ ಸಂದಿಯಲ್ಲೇ ನಮ್ಮ ವರ್ಕ್‌ಶಾಪ್‌ನ ರಿಟರ್ನ್ ಬಿದ್ದುಹೋಗಿದ್ದು. ಎಲ್ಲರೂ ಪಲ್ಲಕ್ಕಿ ಹತ್ತಿದ್ರೆ ಹೊರೋರು ಯಾರು ಅಂತ ಗಾದೆ ಇದೆಯಲ್ಲ, ನಮ್ಮ ಸಿಸಿಯಲ್ಲಿ ಎಂಟೂ ಜನ ಪಲ್ಲಕ್ಕಿಯೊಳಗೇ ಇದ್ವಿ.

ಹಾಗಂತ ಹಳೇ ಕಡತವೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಖಾತೆ ಬದಲಾವಣೆಗೆ ಅಲೆದ ಯಾರನ್ನಾದ್ರೂ ಕೇಳಿ, ಬಯ್ದುಬಿಡ್ತಾರೆ. ಕಡತ ಯಾರ ಮೇಜಿನ ಮೇಲಿದೆ ಅಂತ ಗೊತ್ತಿರುತ್ತೆ, ಆದ್ರೆ ಅಲ್ಲಿಂದ ಯಾವಾಗ ಏಳುತ್ತೆ ಅಂತ ಗೊತ್ತಿರಲ್ಲ. 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ವಿಧಾನಸೌಧದ ಮೇಲೆ ಬರೆದಿದೆ, ದೇವರಿಗೆ ಅವಸರ ಇಲ್ಲ ಅಂತ ಜನ ಜೋಕ್ ಮಾಡ್ತಾರೆ. ಈ ಕೊರತೆಗೆ ಕರ್ನಾಟಕ ಹುಡುಕಿದ ಉತ್ತರ ಸಕಾಲ. 2011ರ ಕಾಯ್ದೆ, 2012ರ ಏಪ್ರಿಲ್ 2ಕ್ಕೆ ಜಾರಿ. ಅರ್ಜಿ ಕೊಟ್ಟ ಕೂಡಲೇ ನಂಬರು, ಪ್ರತಿ ಸೇವೆಗೂ ಇಂತಿಷ್ಟು ದಿನ ಅಂತ ಗಡುವು. ತಡವಾದ್ರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು. ಆದ್ರೆ 'ಯಾರು' ಜೊತೆಗೆ 'ಯಾವಾಗ' ಅನ್ನೋದೂ ಕಾಗದದ ಮೇಲೆ ಬಂತು. ಈಗ ಎನ್‌ಐಸಿ ರೂಪಿಸಿದ ಇ-ಆಫೀಸ್‌ನಲ್ಲಿ ಕಡತ ಕಂಪ್ಯೂಟರಿಗೆ ಬಂದಿದೆ. ಅಲ್ಲೂ ಕಡತ ಸದ್ಯ ಯಾರ ಬಳಿ ಇದೆ ಅಂತ ಕಾಣೋ ಹಾಗೆ ಇಟ್ಟಿದ್ದಾರೆ. ಬಟ್ಟೆ ಹೋಯ್ತು, ಕಾಗದ ಹೋಯ್ತು, ಹೆಸರು ಮಾತ್ರ ಅದೇ ಉಳೀತು.

ನಾನು ಏನು ಬದಲಾಯಿಸಿದೆ? ದೊಡ್ಡದೇನಿಲ್ಲ. ಆ ಘಟನೆ ಆದ್ಮೇಲೆ ಆಫೀಸಲ್ಲಿ ಒಂದು ಪದ್ಧತಿ ಮಾಡ್ಕೊಂಡ್ವಿ. ಟು ಜಾಗದಲ್ಲಿ ಒಬ್ಬರೇ, ಅದು 'ಕ್ರಮಕ್ಕಾಗಿ'. ಉಳಿದವರು ಸಿಸಿ, ಅದು 'ಮಾಹಿತಿಗಾಗಿ'. ಮೊದಲ ಸಾಲಿನಲ್ಲೇ ಹೆಸರು, ಕೆಲಸ, ತಾರೀಖು. ಕೆಲಸ ಕೈ ಬದಲಾದ್ರೆ 'ಇನ್ಮೇಲೆ ಇದು ಇವರ ಹತ್ರ' ಅಂತ ಅದೇ ಥ್ರೆಡ್‌ನಲ್ಲಿ ಒಂದು ಸಾಲು. ಮುಗಿದ್ರೆ 'ಸಲ್ಲಿಸಿದ್ದಾಯ್ತು' ಅಂತ ಬರೆದು ಆರ್ಕೈವ್. 'ನೋಟೆಡ್' ಅನ್ನೋ ಪದ ಬ್ಯಾನ್. ಟ್ರಿಪ್ ಪ್ಲ್ಯಾನ್ ಮಾಡೋ ವಾಟ್ಸಾಪ್ ಗ್ರೂಪ್‌ಗೂ, ಕಾಲೇಜ್ ಪ್ರಾಜೆಕ್ಟ್‌ಗೂ ಇದೇ ಸಾಕು.

ಆ ಯಜಮಾನರು ನಮ್ಮನ್ನ ಬಿಟ್ಟು ಹೋಗಲಿಲ್ಲ. ಮುಂದಿನ ತಿಂಗಳಿಂದ ಬಿಲ್ ಕಳಿಸಿದ ಮೇಲೆ ಫೋನ್ ಮಾಡಿ ಒಂದೇ ಮಾತು ಕೇಳೋರು, 'ಈ ಸಲ ಯಾರ ಹತ್ರ ಇದೆಯಮ್ಮಾ?' ನಾನು ಹೆಸರು ಹೇಳ್ತಿದ್ದೆ. ಹೆಚ್ಚಿನ ತಿಂಗಳು ಅದು ನನ್ನದೇ ಹೆಸರು.

ಇವತ್ತಿಗೆ ಇಷ್ಟು. ನಿಮ್ಮ ಗ್ರೂಪ್‌ನಲ್ಲಿ ಯಾರ ಹತ್ರವೂ ಇಲ್ಲದೆ ಕೂತಿರೋ ಕೆಲಸ ಒಂದಿದ್ರೆ, ಈ ಸಂಚಿಕೆ ಮುಗಿದ ಕೂಡಲೇ ಅದಕ್ಕೊಂದು ಹೆಸರು ಹಾಕಿ. ಮುಂದಿನ ವಾರ ಸಿಗೋಣ. ನಮಸ್ಕಾರ.